ಗೋಣಿಯ ಮೇಲಿನ ಹೂಬಳ್ಳಿ

ಮಾರ್ಚ್ 2, ಸೋಮವಾರ

ನಾಳೆ ಎಡಗಣ್ಣಿನ ಆಪರೇಷನ್. ಕಣ್ಣಿನ ಹಿಂಬದಿಯ ಪರದೆಯ ನಟ್ಟನಡುವೆ ತೂತು ಬಿದ್ದಿದೆಯಂತೆ. ಕೆಲವು ತಿಂಗಳಿಂದ ಬಾಗಿಲಿನ ಚೌಕಟ್ಟು ಸೊಟ್ಟಗೆ ಕಾಣುತ್ತಿತ್ತು. ಕನ್ನಡಕ ಬದಲಿಸಬೇಕೇನೋ, ಪುಸ್ತಕ ಮುಗಿಯಲಿ ನೋಡೋಣ ಎಂದು ಮುಂದೂಡಿದ್ದೆ.

ಆಪರೇಷನ್ನಿನ ಭಯವಿಲ್ಲ, ಆಮೇಲಿನದು ಕಷ್ಟ. ತೂತು ಮುಚ್ಚಲೆಂದು ಕಣ್ಣೊಳಗೆ ಗ್ಯಾಸ್ ತುಂಬುತ್ತಾರೆ. ಆ ಗುಳ್ಳೆ ಸರಿಯಾದ ಜಾಗಕ್ಕೆ ಒತ್ತಿಕೊಂಡಿರಬೇಕಾದರೆ ನಾನು ಮುಖ ಕೆಳಗೆ ಹಾಕಿಕೊಂಡೇ ಇರಬೇಕು. ಊಟಕ್ಕೂ ಹಾಗೆಯೇ, ನಿದ್ದೆಗೂ ಹಾಗೆಯೇ. ಗ್ಯಾಸ್ ಕರಗುವ ತನಕ ವಿಮಾನ ಹತ್ತುವಂತಿಲ್ಲ. "ಇದೇ ತಿಂಗಳು ನಾನು ಇಂಗ್ಲೆಂಡಿಗೆ ಹೋಗಲೇಬೇಕು" ಎಂದೆ. ಮೇಲೇರಿದರೆ ಗುಳ್ಳೆ ಉಬ್ಬುತ್ತದೆ, ಕಣ್ಣೇ ಹೋಗಬಹುದು ಎಂದರು ಡಾಕ್ಟರು. ಟಿಕೆಟ್ ಕ್ಯಾನ್ಸಲ್ ಮಾಡಿದೆವು.

ನರ್ಸು ನನ್ನ ಕೆಲಸ ಕೇಳಿದಳು. "ಸೀಲಿಂಗ್" ಎಂದೆ. ಫಾಲ್ಸ್ ಸೀಲಿಂಗ್ ಕಂಟ್ರಾಕ್ಟರ್ ಅಂದುಕೊಂಡಳು. ಬಿಡಿಸಿ ಹೇಳಿದೆ: ಯೂನಿವರ್ಸಿಟಿಯಲ್ಲಿ ಕಟ್ಟಡಗಳ ಚರಿತ್ರೆ ಪಾಠ ಮಾಡುತ್ತೇನೆ; ಹದಿನೆಂಟನೆಯ ಶತಮಾನದ ಬ್ರಿಟನ್ನಿನ ದೊಡ್ಡ ಮನೆಗಳ ಒಳಛಾವಣಿ ನನ್ನ ವಿಷಯ. ಆಡಮ್ ಸಹೋದರರಂಥ ವಾಸ್ತುಶಿಲ್ಪಿಗಳು ರೋಮಿನ ಹಾಳುಬಿದ್ದ ಕಟ್ಟಡಗಳಿಂದ ಕಲಿತು, ಅದುವರೆಗಿನ ದಪ್ಪ ದಪ್ಪ ಅಲಂಕಾರವನ್ನು ಬಿಟ್ಟು, ತೆಳ್ಳಗಿನ ಗಾರೆಯ ಬಳ್ಳಿ, ಹೂಮಾಲೆ, ಬೀಸಣಿಗೆಗಳನ್ನು ತಲೆಯ ಮೇಲೆ ಹರಡಿದರು. ನಡುನಡುವೆ ತಿಳಿಹಸಿರು, ನಸುಗೆಂಪು, ದುಂಡನೆಯ ಪುಟ್ಟ ಚಿತ್ರಗಳು. "ಸೋ ನೈಸ್" ಎಂದು ನರ್ಸು ನನ್ನ ಬಿಪಿ ನೋಡಿದಳು.

ಮಿಸ್ಟರ್ ಅಶ್ವತ್ಥ ಎಂದು ಇವರನ್ನು ಕರೆದು ಔಷಧಿ ಕೊಟ್ಟಳು. ಅಶ್ವತ್ಥನಾರಾಯಣ ಅನ್ನುವುದು ಅವಳ ಬಾಯಿಗೆ ಹಿಡಿಯಲಿಲ್ಲ. ಮದುವೆಯಾದಾಗಿನಿಂದ ನಾನೂ 'ಇವರು' ಅಂದದ್ದೇ ಹೆಚ್ಚು.

ಮಾರ್ಚ್ 5, ಗುರುವಾರ

ಕಂಪ್ಯೂಟರ್ ಬೇಡ, ತಲೆ ತಗ್ಗಿಸಿ ಕೈಯಲ್ಲಿ ಬೇಕಾದರೆ ಸ್ವಲ್ಪ ಬರೆಯಿರಿ ಎಂದಿದ್ದಾರೆ. ಹಾಗಾಗಿ ಈ ಡೈರಿಯೊಂದೇ.

ಮಸಾಜ್ ಅಂಗಡಿಯಲ್ಲಿರುವಂಥ ಕುರ್ಚಿಯನ್ನು ಇವರು ಬಾಡಿಗೆಗೆ ತಂದಿದ್ದಾರೆ. ಹಣೆ, ಕೆನ್ನೆ ಒಂದು ಬಳೆಯಂಥ ದಿಂಬಿನಲ್ಲಿ. ಅದರ ತೂತಿನೊಳಗಿಂದ ಕಾಣುವುದು ನೆಲದ ಟೈಲ್ಸು, ಇವರ ಪಾದ. ಎಡಗಣ್ಣಿನಲ್ಲಿ ಬರೀ ನೀರಿನಂತೆ ಅಲುಗುವ ಬೆಳಕು. ಕತ್ತು ಕಲ್ಲಾಗಿದೆ. ಸ್ಟ್ರಾ ಹಾಕಿ ಕಾಫಿ ಕುಡಿದೆ. ಫಿಲ್ಟರ್ ಕಾಫಿಯನ್ನು ಸ್ಟ್ರಾದಲ್ಲಿ ಕುಡಿಯುವ ಕಾಲವೂ ಬಂತು.

ಆ ಮನೆಯದೇ ಚಿಂತೆ. ವಿಲ್ಟ್‌ಷೈರ್‌ನ ಹಳೆಯ ಮಹಲು, ಮೊದಲ ಮಹಡಿಯ ಸಂಗೀತದ ಕೋಣೆ. ಅದರ ಛಾವಣಿಯ ಮೂಲ ನಕ್ಷೆಯನ್ನು ನಾನು ಲಂಡನ್ನಿನ ಸಂಗ್ರಹವೊಂದರಲ್ಲಿ ಕಂಡಿದ್ದೆ: ಕಾಲು ಭಾಗ ಮಾತ್ರ ಬರೆದು ಬಣ್ಣ ಹಾಕಿದ ಹಾಳೆ. ಉಳಿದ ಮುಕ್ಕಾಲು ಅದರ ಪ್ರತಿಬಿಂಬವೇ ಆದ್ದರಿಂದ ಬರೆಯುವ ಅಗತ್ಯವಿಲ್ಲ. ನಕ್ಷೆಯಲ್ಲಿದ್ದಂತೆಯೇ ಗಾರೆ ಕೆಲಸ ಮಾಡಿ, ಇನ್ನೂರೈವತ್ತು ವರ್ಷ ಯಾರ ಕೈಯೂ ತಾಗದೆ ಉಳಿದ ಛಾವಣಿ ಅದು ಎಂಬುದು ನನ್ನ ವಾದ. ಹಿಂದೆ ಒಮ್ಮೆ ಅರ್ಧ ಗಂಟೆ ಕೆಳಗೆ ನಿಂತು ನೋಡಿದ್ದೆ. ಇಡೀ ಪುಸ್ತಕ ನಿಂತಿರುವುದು ಆ ಕೋಣೆಯ ಮೇಲೆ. ಈ ಚಳಿಗಾಲದಲ್ಲಿ ಮಾಡಿನ ನೀರು ಇಳಿದು ಒಂದು ಮೂಲೆ ಬಿದ್ದಿದೆ. ರಿಪೇರಿಗೆ ಅಟ್ಟಣಿಗೆ ಕಟ್ಟಿದ್ದಾರೆ. ಕೆಲಸದವರು ಬಂದು ತೇಪೆ ಹಾಕುವ ಮೊದಲು ಹತ್ತಿ ನೋಡಬಹುದು ಎಂದು ಮನೆಯವರು ಬರೆದಿದ್ದರು. ಇಂಥ ಅವಕಾಶ ಇನ್ನೊಮ್ಮೆ ಬರುವುದಿಲ್ಲ.

"ಸೋಮನಾಥಪುರದ ದೇವಸ್ಥಾನದ ಛಾವಣಿ, ಆ ಭುವನೇಶ್ವರಿ, ಕಲ್ಲಿನದು. ಇನ್ನೂ ಹಾಗೇ ಇದೆ. ನೀನು ಈ ಸುಣ್ಣದ ಹೂವಿನ ಹಿಂದೆ ಬಿದ್ದೆ" ಎಂದರು ಇವರು. ಸಮಾಧಾನಕ್ಕೆಂದು ಆಡಿದ ಮಾತು.

ಮಾರ್ಚ್ 8, ಭಾನುವಾರ

ಚಿರಂತ್ ಬಂದಿದ್ದ. ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಿಂದ ನನಗೆಂದು ಮೆತ್ತಗಿನ ಅನ್ನದ ಗಂಜಿ, ಇವರಿಗೆ ಇಡ್ಲಿ ತಂದಿದ್ದ. ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಬ್ಯಾಂಕಿನ ಕೆಲಸ, ಒಳ್ಳೆಯ ಹುಡುಗ. ಜೂನ್‌ನಲ್ಲಿ ನಮ್ಮ ಮಗಳು ಗಾರ್ಗಿಯ ಜೊತೆ ಮದುವೆ. ಊರಿಗೆ ಹೋಗಿ ಮಾಡುವುದು, ಮೈಸೂರಿನಲ್ಲಿ ಛತ್ರ ಬುಕ್ ಆಗಿದೆ. ಅವನು ಮಾತಾಡುತ್ತಿದ್ದಾಗ ಗಾರ್ಗಿಯ ಪಾದಗಳು ಅಡುಗೆಮನೆಯ ಕಡೆ ಹೋದವು, ಬಹಳ ಹೊತ್ತು ವಾಪಸ್ಸು ಬರಲಿಲ್ಲ. ಪಾತ್ರೆ ತೊಳೆಯುತ್ತಿದ್ದಳೋ ಏನೋ.

ಅವನು ಹೋದಮೇಲೆ ಗಾರ್ಗಿ ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ಅಮ್ಮ, ಆಫೀಸಿಂದ ನನ್ನ ಲಂಡನ್‌ಗೆ ಕಳಿಸ್ತಿದ್ದಾರೆ, ಟ್ರೈನಿಂಗ್. ಒಂದು ವಾರ ಲೀವ್ ಹಾಕಿ, ಮೊದಲೇ ನಾನೇ ಹೋಗಿ ನೋಡ್ಲಾ ನಿನ್ನ ಸೀಲಿಂಗ್?"

ಒನ್-ನಾರ್ತ್‌ನಲ್ಲಿ ಆಫೀಸು, ಜಾಹೀರಾತು ಎಡಿಟ್ ಮಾಡುವ ಹುಡುಗಿ. ಚಿಕ್ಕವಳಿದ್ದಾಗ ನನ್ನ ಜೊತೆ ಮ್ಯೂಸಿಯಮ್ಮಿಗೆ ಬಂದರೆ ಬೆಂಚು ಹುಡುಕುತ್ತಿದ್ದವಳು. ಅವಳಿಗೆ ಏನು ಗೊತ್ತಾಗುತ್ತದೆ? ಆದರೆ ಬೇರೆ ಯಾರಿದ್ದಾರೆ. ಸರಿ ಎಂದೆ.

ಮಾರ್ಚ್ 13, ಶುಕ್ರವಾರ

ವಾರವೆಲ್ಲ ಅವಳಿಗೆ ಪಾಠ. ಸಂಜೆ ಎಂಆರ್‌ಟಿ ರೈಲು ಇಳಿದು ಬಂದವಳನ್ನು ಕೂರಿಸಿಕೊಂಡು, ಕೆಳಗಿನಿಂದ ಏನು ನೋಡಬೇಕು, ಮೇಲೆ ಹತ್ತಿ ಏನು ನೋಡಬೇಕು ಎಂದು ಒಪ್ಪಿಸಿದೆ. ನಾನು ಹೇಳಿದ್ದನ್ನು ಮಾತ್ರ ನೋಡು, ನಿನ್ನ ಅಭಿಪ್ರಾಯ ಬೇಡ ಎಂದೂ ಹೇಳಿದೆ. ನಕ್ಕಳು.

ಇವತ್ತು ಹೊರಡುವಾಗ "ಅಮ್ಮ, ಜೂನ್ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು" ಎಂದಳು. ಸೀರೆಯದೇನೋ ಇರಬೇಕು. ಬಂದಮೇಲೆ ನೋಡೋಣ, ಮೊದಲು ಇದು ಕೇಳು ಎಂದು ನಡುವಿನ ಬೀಸಣಿಗೆಯ ಎಸಳುಗಳ ವಿಷಯ ಇನ್ನೊಮ್ಮೆ ಹೇಳಿದೆ. ಕೇಳಿಸಿಕೊಂಡು ಹೋದಳು.

ತಲೆ ಇನ್ನೂ ಎರಡು ವಾರ ಕೆಳಗೇ ಇರಲಿ ಎಂದಿದ್ದಾರೆ ಡಾಕ್ಟರು. ಹೆದರಿಕೆಯಾಗುತ್ತಿದೆ. ಯಾರಿಗೂ ಹೇಳಿಲ್ಲ. ಬಲಗಣ್ಣನ್ನು ಆಗಾಗ ಮುಚ್ಚಿ ನೋಡುತ್ತೇನೆ, ಎಡಗಣ್ಣು ಏನಾದರೂ ಕೊಡುತ್ತದೋ ಎಂದು.

ಮಾರ್ಚ್ 17, ಮಂಗಳವಾರ

ನಮಗೆ ಸಂಜೆ, ಅಲ್ಲಿ ಇನ್ನೂ ಬೆಳಗ್ಗೆ. ಗಾರ್ಗಿ ಫೋನ್ ಮಾಡಿದಳು. ಗೋಡೆ ದಪ್ಪ, ವಿಡಿಯೊ ಹಿಡಿಯುವಷ್ಟು ಸಿಗ್ನಲ್ ಇಲ್ಲ, ಮಾತು ಮಾತ್ರ.

ನೆಲದ ಮೇಲೆ ಅಂಗಾತ ಮಲಗಿದ್ದಾಳಂತೆ. ಮನೆಯ ಮುದುಕಿ ಬಂದು ಚಳಿಯಾಗುತ್ತದೆ ಎಂದು ಅವಳ ಕೆಳಗೆ ಕಂಬಳಿ ಹಾಸಿಕೊಟ್ಟಳಂತೆ. ಹೂಮಾಲೆ ಎಡದಿಂದ ಶುರುವೋ ಬಲದಿಂದಲೋ ಎಂದು ಕೇಳಿದೆ. ಬಣ್ಣ ಕೇಳಿದೆ. "ಗ್ರೀನ್ ಅಮ್ಮ, ಆದ್ರೆ ಗ್ರೀನ್ ಅಲ್ಲ. ಎಳೆ ಸೌತೆಕಾಯಿ ಒಳಗಡೆ ಇರುತ್ತಲ್ಲ, ಹಾಗೆ" ಎಂದಳು. ಅದು ಸರಿ. ಅದಕ್ಕಿಂತ ಸರಿಯಾಗಿ ನಾನೂ ಎಲ್ಲೂ ಬರೆದಿಲ್ಲ.

"ಇಲ್ಲಿ ಮಲಗಿದ್ರೆ ಒಂಥರಾ ಅನ್ಸುತ್ತೆ ಅಮ್ಮ. ಎಲ್ಲಾ ಕಡೆ ಒಂದೇ ತರ, ಎಲ್ಲಾ ಸರಿಯಾಗಿದೆ. ಆ ಮೂಲೆ ಮಾತ್ರ ಕಪ್ಪು. ಕಣ್ಣು ಅಲ್ಲಿಗೇ ಹೋಗುತ್ತೆ. ನನಗೆ…"

ಮೂಲೆ ನಾಳೆ, ಇವತ್ತು ಎಸಳು ಎಣಿಸು ಎಂದೆ. ಎಣಿಸಿದಳು. ನಕ್ಷೆಗೆ ಸರಿಹೊಂದಿತು. ಬಹಳ ಸಂತೋಷವಾಯಿತು.

ಮಾರ್ಚ್ 18, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅವಳು ಅಟ್ಟಣಿಗೆ ಹತ್ತಿ ಫೋನ್ ಮಾಡಿದಳು. ಛಾವಣಿ ಕೈಗೆ ಸಿಗುತ್ತಿದೆ ಎಂದಳು. ಮುರಿದ ಅಂಚನ್ನು ನೋಡು, ಗಾರೆಯೊಳಗೆ ಸಣ್ಣ ಸಣ್ಣ ಕೂದಲು ಕಾಣುತ್ತದಾ ಎಂದು ಕೇಳಿದೆ. ಆ ಕಾಲದ ಗಾರೆಯೆಂದರೆ ಸುಣ್ಣಕ್ಕೆ ಪ್ರಾಣಿಗಳ ಕೂದಲು ಕಲೆಸಿ, ಕೈಯಲ್ಲಿ ಸೀಳಿದ ಮರದ ರೀಪರುಗಳ ಮೇಲೆ ಮೆತ್ತಿದ್ದು.

"ಕೂದಲು ಇಲ್ಲ ಅಮ್ಮ."

"ಸರಿಯಾಗಿ ನೋಡು."

"ನೋಡ್ತಿದ್ದೀನಿ. ಕೂದಲು ಇಲ್ಲ. ಬಟ್ಟೆ ಇದೆ."

"ಎಂಥ ಬಟ್ಟೆ?"

"ಗೋಣಿಚೀಲ ತರ ಅಮ್ಮ. ಹಿಂದ್ಗಡೆ ಅಂಟ್ಕೊಂಡಿದೆ. ಅಜ್ಜಿ ಮನೇಲಿ ಅಕ್ಕಿ ಮೂಟೆ ಇರ್ತಿತ್ತಲ್ಲ, ಅದೇ."

ಎಂದೋ ಒಂದು ಮೂಲೆಗೆ ತೇಪೆ ಹಾಕಿರಬಹುದು ಎಂದುಕೊಂಡೆ. ತೂತಿನೊಳಗೆ ಟಾರ್ಚ್ ಬಿಟ್ಟು ದೂರದವರೆಗೆ ನೋಡು ಎಂದೆ. ಹಲಗೆ ಕಿರುಗುಟ್ಟಿದ್ದು ಕೇಳಿಸಿತು. ಅವಳ ಉಸಿರು ಕೇಳಿಸಿತು.

"ಪೂರ್ತಿ ಹಾಗೇ ಇದೆ ಅಮ್ಮ. ದೊಡ್ಡ ದೊಡ್ಡ ಶೀಟ್ ತರ ಮಾಡಿ ಜೋಡಿಸಿದ್ದಾರೆ. ಎಲ್ಲದರ ಬೆನ್ನಿಗೂ ಗೋಣಿ. ಇದು ಇಂಪಾರ್ಟೆಂಟಾ?"

ಹುಷಾರಾಗಿ ಇಳಿ ಎಂದೆ.

"ಫೋಟೊ ತೆಗ್ದಿದ್ದೀನಿ, ಕಳಿಸ್ಲಾ?"

"ಬೇಡ."

ಗೋಣಿಯ ಮೇಲೆ ಜಿಪ್ಸಮ್ ಎರಕ ಹೊಯ್ದು, ಹಾಳೆ ಹಾಳೆಯಾಗಿ ತಂದು ಮೇಲಕ್ಕೆ ಬಿಗಿಯುವ ವಿಧಾನ ಬ್ರಿಟನ್ನಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನೇ ಹೇಳಿಕೊಡುತ್ತೇನೆ. ಅಂದರೆ ಆ ಛಾವಣಿ ನಕ್ಷೆಯ ಕಾಲದ್ದಲ್ಲ. ಮೊದಲಿನದು ಎಂದೋ ಹೋಗಿದೆ. ಇದು ಸುಮಾರು ನೂರು ವರ್ಷದ ನಂತರ ಯಾರೋ ಮಾಡಿದ ನಕಲು.

ಮಾರ್ಚ್ 19, ಗುರುವಾರ

ಯುಗಾದಿ. ಇವರು ಒಬ್ಬರೇ ದೇವರ ದೀಪ ಹಚ್ಚಿದರು. ಬೇವು ಬೆಲ್ಲವನ್ನು ಬಗ್ಗಿಯೇ ಇದ್ದ ನನ್ನ ಬಾಯಿಗೆ ಇಟ್ಟರು. ಬೇವೇ ಜಾಸ್ತಿಯಾಗಿತ್ತು.

ಮಾರ್ಚ್ 21, ಶನಿವಾರ

ಪ್ರಕಾಶಕರ ಮೇಲ್ ಅನ್ನು ಇವರು ಓದಿ ಹೇಳಿದರು. ಆರೋಗ್ಯ ವಿಚಾರಿಸಿ, ಆ ಕೋಣೆಯ ಬಗ್ಗೆ ಇರುವ ಐದನೆಯ ಅಧ್ಯಾಯವೊಂದು ಬಂದರೆ ಅಚ್ಚಿಗೆ ಸಿದ್ಧ ಎಂದಿದ್ದಾರೆ.

ನೆಲ ನೋಡುತ್ತ ದಿನವಿಡೀ ಲೆಕ್ಕ ಹಾಕಿದೆ. ನಕ್ಷೆ ಅಸಲಿ. ವಿನ್ಯಾಸ ಅಸಲಿ. ಬಣ್ಣ ಕೂಡ ಸರಿಯಾಗಿಯೇ ಇದೆ. ಛಾವಣಿಯ ಬೆನ್ನನ್ನು ಯಾರು ನೋಡುತ್ತಾರೆ? ಕೆಲಸದವರು ಬಂದು ತೂತು ಮುಚ್ಚುತ್ತಾರೆ. ಅವರು ನನ್ನ ಪುಸ್ತಕ ಓದುವವರಲ್ಲ. ಗಾರ್ಗಿಗೆ ತಾನು ಕಂಡದ್ದು ಏನೆಂದು ಗೊತ್ತಿಲ್ಲ. ಅಧ್ಯಾಯ ಇದ್ದ ಹಾಗೆಯೇ ಹೋಗಬಹುದು. ಈ ಕಣ್ಣು ಇಟ್ಟುಕೊಂಡು ಇನ್ನೊಂದು ಪುಸ್ತಕ ಬರೆಯುವ ಯೋಗ ಎಲ್ಲಿದೆ ನನಗೆ.

"ಏನಾಯ್ತು ಶಾಮಲಾ? ಗಾರ್ಗಿ ಏನಾದ್ರೂ ಅಂದ್ಲಾ?" ಎಂದು ಇವರು ಕೇಳಿದರು.

"ಏನೂ ಇಲ್ಲ. ಕತ್ತು ನೋವು."

ಬಿಸಿನೀರಿನ ಚೀಲ ತಂದು ಕತ್ತಿನ ಮೇಲೆ ಇಟ್ಟರು. ಅಧ್ಯಾಯ ಸೋಮವಾರ ಕಳಿಸಿಬಿಡಿ ಎಂದೆ.

ಮಾರ್ಚ್ 22, ಭಾನುವಾರ

ಗಾರ್ಗಿಯ ಫೋನು. ಟ್ರೈನಿಂಗ್ ನಾಳೆಯಿಂದ, ಇವತ್ತು ಇಡೀ ದಿನ ಒಬ್ಬಳೇ ನದಿ ದಂಡೆಯಲ್ಲಿ ಓಡಾಡಿದಳಂತೆ. ನನ್ನ ಬಳಿ ಕೇಳುವ ಪ್ರಶ್ನೆ ಯಾವುದೂ ಇರಲಿಲ್ಲ. ಅದಕ್ಕೇ ಇರಬೇಕು ಅವಳು ಮಾತಾಡಿದಳು.

"ಅಮ್ಮ, ನಾನು ಚಿರಂತ್‌ನ ಮದುವೆ ಆಗೋಕೆ ಆಗಲ್ಲ."

ಫೋನು ನನ್ನ ಕುರ್ಚಿಯ ಕೆಳಗೆ ನೆಲದ ಮೇಲಿತ್ತು. ಅದನ್ನೇ ನೋಡುತ್ತಿದ್ದೆ. ಅವನೇನಾದರೂ ಅಂದನಾ ಎಂದು ಕೇಳಿದೆ.

"ಇಲ್ಲ. ಅವನು ಒಳ್ಳೆಯವನು. ಎಲ್ಲಾರೂ ಅದೇ ಹೇಳ್ತಾರೆ. ನಾನೂ ನಂಗೆ ನಾನೇ ಅದೇ ಹೇಳ್ಕೊಂಡು ಬಂದೆ. ಅವನ ಜೊತೆ ಕೂತಿದ್ದಾಗ ಯಾವಾಗ ಎದ್ದು ಹೋಗ್ಲಿ ಅನ್ಸುತ್ತೆ ಅಮ್ಮ. ಸುಮಾರು ದಿನದಿಂದ. ಛತ್ರ ಬುಕ್ ಆಯ್ತು, ಮೈಸೂರಲ್ಲಿ ಎಲ್ಲರಿಗೂ ಹೇಳಾಯ್ತು. ಹೇಳಿಬಿಟ್ಟಿದ್ದೀವಿ ಅನ್ನೋ ಒಂದೇ ಕಾರಣಕ್ಕೆ ಆಗ್ಬಿಡ್ಲಾ? ಹೊರಗಡೆಯಿಂದ ಎಲ್ಲಾ ಸರಿಯಾಗೇ ಕಾಣುತ್ತೆ. ಯಾರಿಗೂ ಗೊತ್ತಾಗಲ್ಲ. ನೀನು ಹೇಳು, ನೀನು ಹೇಳಿದ ಹಾಗೆ ಮಾಡ್ತೀನಿ."

ಬಾಯಿಗೆ ಬಂದದ್ದು ಬೇರೆ. ಎರಡು ಮನೆಯ ಮರ್ಯಾದೆ, ಅವನ ತಾಯಿಯ ಮುಖ, ಇವರ ಬಿಪಿ.

"ಬೇಡ" ಎಂದೆ. "ಆಗಬೇಡ."

ಆ ಕಡೆ ಅಳು. ಸಣ್ಣವಳಿದ್ದಾಗ ಅಳುತ್ತಿದ್ದ ಹಾಗೆಯೇ, ಬಿಕ್ಕಿ ಬಿಕ್ಕಿ. ನಾನು ಫೋನ್ ಇಡಲಿಲ್ಲ. ಅಳು ನಿಲ್ಲುವವರೆಗೆ ಕೇಳಿಸಿಕೊಂಡೆ. ಆಮೇಲೆ ಊಟ ಮಾಡಿದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಹೋಗಿ ಏನಾದರೂ ಬಿಸಿಯಾಗಿ ತಿನ್ನು ಎಂದೆ.

ಇವರಿಗೆ ನಾನೇ ಹೇಳಿದೆ. ಬಹಳ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದು ಬಂದರು. "ಛತ್ರದವರಿಗೆ ನಾಳೆ ಫೋನ್ ಮಾಡ್ತೀನಿ" ಎಂದರು.

ಮಾರ್ಚ್ 23, ಸೋಮವಾರ

ಅಧ್ಯಾಯ ಕಳಿಸಲು ಇವರು ಲ್ಯಾಪ್‌ಟಾಪ್ ತೆಗೆದರು. ಅದು ಬೇಡ, ನಾನು ಹೇಳುವುದನ್ನು ಟೈಪ್ ಮಾಡಿ ಎಂದೆ.

ಐದನೆಯ ಅಧ್ಯಾಯದ ವಾದ ತಪ್ಪು. ಆ ಛಾವಣಿ ಹದಿನೆಂಟನೆಯ ಶತಮಾನದ್ದಲ್ಲ. ಕಂಡವಳು ನನ್ನ ಮಗಳು, ಚಿತ್ರಗಳು ಅವಳ ಬಳಿ ಇವೆ. ಪುಸ್ತಕವನ್ನು ತಡೆಹಿಡಿಯಿರಿ, ಕೈಬಿಡುವುದಾದರೂ ನನಗೆ ಅರ್ಥವಾಗುತ್ತದೆ.

ಇವರು ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತಾರೆ. ನಡುವೆ ಬೆರಳು ನಿಂತವು.

"ಕಳಿಸಲೇಬೇಕಾ?"

"ಹೂಂ."

"ಇಷ್ಟು ವರ್ಷದ ಕೆಲಸ ಶಾಮಲಾ."

"ಕಳಿಸಿ ಅಂದ್ರೆ."

ಕಳಿಸಿದರು. ಕುರ್ಚಿಯ ಪಕ್ಕದಲ್ಲೇ ಮಂಡಿಯೂರಿ ಕೂತರು. ಅವರಿಗೆ ಮಂಡಿ ನೋವು, ಏಳುವುದು ಕಷ್ಟ. ಆದರೂ ಕೂತಿದ್ದರು.

ಮಾರ್ಚ್ 29, ಭಾನುವಾರ

ತಲೆ ಎತ್ತಬಹುದು. ಎತ್ತಿದರೆ ಮನೆಯೆಲ್ಲ ತೇಲುತ್ತದೆ. ತೂತು ಮುಚ್ಚಿದೆ, ಆದರೆ ನಡುವಿನ ನೋಟ ಪೂರ್ತಿ ಬರುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಇಟ್ಟುಕೊಂಡಿದ್ದೆ. ಟ್ಯಾಕ್ಸಿಯಲ್ಲಿ ಅತ್ತೆ. ಚಾಲಕ ರೇಡಿಯೊ ಸಣ್ಣದು ಮಾಡಿದ.

ಗಾರ್ಗಿ ನಿನ್ನೆ ಬಂದಳು. ತೆಳ್ಳಗಾಗಿದ್ದಾಳೆ. ಕತ್ತಿನ ಹಿಂದೆ ಕೂದಲು ಕತ್ತರಿಸಿಕೊಂಡಿದ್ದಾಳೆ. ಬಲಗಣ್ಣಿನಲ್ಲಿ ಫೋಟೊಗಳನ್ನು ನೋಡಿದೆ. ಗೋಣಿಯ ಎಳೆ ಎಳೆಯೂ ಸ್ಪಷ್ಟ. ಅವಳಿಗೆ ಎಲ್ಲವನ್ನೂ ಹೇಳಿದೆ.

"ಅಯ್ಯೋ, ನಾನು ಯಾಕಾದ್ರೂ ಮೇಲೆ ಹತ್ತಿದ್ನೋ" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಹತ್ತಿದ್ದು ಒಳ್ಳೇದಾಯ್ತು. ನಾನಾಗಿದ್ದರೆ ಕೂದಲು ಕಂಡೆ ಅಂತ ಬರೆದುಬಿಡ್ತಿದ್ದೆನೇನೋ."

ಏಪ್ರಿಲ್ 11, ಶನಿವಾರ

ಚಿರಂತ್‌ನ ತಂದೆತಾಯಿ ಬಂದು ಹೋದರು. ಅವನು ಬರಲಿಲ್ಲ. ಗಾರ್ಗಿ ಅವನನ್ನು ಮೊದಲೇ ಕಂಡು ಮಾತಾಡಿದ್ದಳು.

ಹಿರಿಯರ ಎದುರು ತಾನೇ ಹೇಳುತ್ತೇನೆ ಎಂದು ಹಟ ಹಿಡಿದಳು. ನಾನು ಅವಳ ಪಕ್ಕ ಕೂತೆ. ಪೂರ್ತಿ ಹೇಳಿದಳು. ಅವನ ತಾಯಿ ಅವಳನ್ನು ನೋಡಲೇ ಇಲ್ಲ.

"ಶಾಮಲಾ, ನೀವಾದರೂ ಬುದ್ಧಿ ಹೇಳಬಹುದಿತ್ತು. ಓದಿದವರು."

"ಅವಳ ಮಾತೇ ನನ್ನ ಮಾತು" ಎಂದೆ. "ನಿಮಗೆ ನೋವಾಗಿದೆ. ಅದು ನನಗೆ ಗೊತ್ತು."

ಕಾಫಿ ಮುಟ್ಟದೆ ಎದ್ದರು. ಲಿಫ್ಟಿನವರೆಗೆ ಇವರು ಹೋದರು. ಗಾರ್ಗಿ ನನ್ನ ಮಡಿಲಿನಲ್ಲಿ ತಲೆ ಇಟ್ಟಳು. ಎಷ್ಟು ಭಾರ ಆ ತಲೆ.

ಏಪ್ರಿಲ್ 19, ಭಾನುವಾರ

ಪ್ರಕಾಶಕರ ಉತ್ತರ ಬಂದಿದೆ. ಬೇಸರವಿದೆ, ಕೈಬಿಡುವುದಿಲ್ಲ, ಅಧ್ಯಾಯ ಹೊಸದಾಗಿ ಬರಲಿ, ಕಾಯುತ್ತೇವೆ ಎಂದಿದ್ದಾರೆ. ಆಪ್ತರಾದ ಇಬ್ಬರು ವಿದ್ವಾಂಸರು ಚುಚ್ಚುವಂತೆ ಬರೆದಿದ್ದಾರೆ. ಬರೆಯಲಿ.

ಬೆಳಗಿನ ಹೊತ್ತು ಗಾರ್ಗಿ ಟೈಪ್ ಮಾಡಲು ಕೂತಳು. ನನ್ನ ಬಲಗಣ್ಣು ಬೇಗ ದಣಿಯುತ್ತದೆ, ಎಡಗಣ್ಣಿಗೆ ಸಾಲುಗಳು ಅಲೆಯಂತೆ ಕಾಣುತ್ತವೆ. ಇವರು ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರು.

"ಎಲ್ಲಿಂದ ಶುರು ಮಾಡ್ಲಿ ಅಮ್ಮ?"

ಹೇಳಿದೆ: ಈ ಛಾವಣಿ ಒಂದು ಸಲ ಬಿದ್ದಿದೆ. ಬಿದ್ದದ್ದನ್ನು ಯಾರೋ ಅಷ್ಟೇ ಪ್ರೀತಿಯಿಂದ ಮತ್ತೆ ಮಾಡಿದ್ದಾರೆ.

ಟೈಪ್ ಮಾಡಿ ನನ್ನ ಕಡೆ ತಿರುಗಿದಳು. "ಯಾರು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂತಾನೇ ಹಾಕ್ಲಾ?"

"ಹೂಂ. ಹಾಗೇ ಹಾಕು."